ಓಟಕ್ಕೂ ಸೈ, ಸಂತಿಗೂ ಸೈ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಎಲ್ಲಾ ಕಡೆ ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕ ತಯಾರಾಗೋರು ನಸುಕಿನ್ಯಾಗ ಓಡಿದ ಟೀ ಶರ್ಟಿನ್ಯಾಗೇ ಲೈಬ್ರರಿಗೂ ಹೋಗ್ತಾರ. ಹಂಗಂದ್ರ ಅದು ಚಂದನೂ ಇರಬೇಕಲ್ರಿ!

ನಮ್ಮ ಬ್ಯಾಸಗಿ ಬಿಸಿಲು 40 ಡಿಗ್ರಿ ದಾಟ್ತದ. ದಪ್ಪ ಕಾಟನ್ ಬೆವರು ಹೀರಿ ಭಾರ ಆಗ್ತದ. ತೆಳು ಪಾಲಿಯೆಸ್ಟರ್ ಹೆಣಿಗಿ ಬಟ್ಟಿ ಲಗೂ ಒಣಗ್ತದ. ಬಗಲಾಗ ಹೊಲಿಗಿ ಚಪ್ಪಟೆ ಇರಲಿ, ಇಲ್ಲಾಂದ್ರ ಚರ್ಮ ಉಜ್ಜಿ ಉರೀತದ.

ಚಂದಕ್ಕ ಏನು? ಮಗ್ಗಲದಾಗೇ ಅದ ಗುಳೇದಗುಡ್ಡ ಖಣ! ಆದ್ರ ಮಗ್ಗದ ಬಟ್ಟಿ ಹಿಗ್ಗಂಗಿಲ್ಲ, ಎದಿಗಿ, ಭುಜಕ್ಕ ಬ್ಯಾಡ. ಕಾಲರ್ ಪಟ್ಟಿಗಿ, ಕಿಸೆ ಅಂಚಿಗಿ ಬೆರಳಗಲ ಸಾಕು. ಇಳಕಲ್ ಸೀರಿಯ ಚಿಕ್ಕಿ ಪರಾಸ ದಡಿ ಪ್ಯಾಂಟಿನ ಬದಿಗಿ ಪ್ರಿಂಟ್ ಮಾಡ್ರಿ, ದಾಳಿಂಬ್ರಿ ಕೆಂಪಿನ್ಯಾಗ. ವಿಜಯಪುರದ ವೃಕ್ಷಥಾನ್ ಓಟದಾಗ ಓಡ್ರಿ, ಅದರಾಗೇ ಸಂತಿಗೂ ನಡೀರಿ.