ಹಿತ್ತಲಿನ ಕಾಡು ಬೋರೆಗೆ ಕಣ್ಣು ಕಸಿ

ಸಂಕ್ರಾಂತಿಯ ಹೊತ್ತಿಗೆ ಮಕ್ಕಳ ತಲೆಯ ಮೇಲೆ ಸುರಿದು ಆರತಿ ಎತ್ತಲು ಬೋರೆ ಹಣ್ಣು ಬೇಕು. ಉಳಿದ ದಿನ ಹಿತ್ತಲಿನ ಬೋರೆ ಮರವನ್ನು ಕೇಳುವವರಿಲ್ಲ. ಕಾಯಿ ಚಿಕ್ಕದು, ಹುಳಿ, ಒಡೆದರೆ ಹುಳು. ಕೊನೆಗೆ ಬೇಲಿಯ ಮುಳ್ಳಿಗೆಂದು ಕಡಿದುಹಾಕುವರು. ಆದರೆ ನೀರಿಲ್ಲದೆ ಬೆಳೆದು ನಿಂತ ಆ ಮರದ ತಾಯಿಬೇರು ಬಲು ಆಳಕ್ಕೆ ಇಳಿದಿರುತ್ತದೆ. ಅಂಥ ಬೇರನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಎಲಚಿ, ಬಾರಿ ಎಂದೂ ಕರೆಯುವ ಈ ಮರವನ್ನು ಗುರುತಿಸುವುದು ಸುಲಭ. ಎಲೆಯ ಮೇಲ್ಭಾಗ ಹೊಳೆಯುವ ಹಸಿರು, ಅಡಿಭಾಗದಲ್ಲಿ ಬಿಳಿಯ ನವಿರು ರೋಮ, ಬುಡದಿಂದ ಹೊರಟ ಮೂರು ನರಗಳು. ಮುಳ್ಳುಗಳು ಸಾಮಾನ್ಯವಾಗಿ ಜೋಡಿಯಾಗಿದ್ದು, ಒಂದು ನೇರ, ಇನ್ನೊಂದು ಕೊಕ್ಕೆಯಂತೆ ಬಾಗಿರುತ್ತದೆ.

ಕಸಿ ಗಿಡವನ್ನೇ ನೆಟ್ಟರೂ ಕಾಡು ಕಾಯಿ ಬಿಟ್ಟಿತೆಂದು ದೂರುವವರುಂಟು. ಅಂಥವರು ಮೊದಲು ಗಿಡದ ಬುಡವನ್ನು ನೋಡಬೇಕು. ಕಸಿ ಗಂಟಿನ ಕೆಳಗಿನಿಂದ ಹೊರಟ ಚಿಗುರು ಬೇರುಸಸಿಯದು. ಅದನ್ನು ಆಗಾಗ ಚಿವುಟದಿದ್ದರೆ ಅದೇ ಮೇಲೆದ್ದು, ಕಸಿಯ ಭಾಗವನ್ನು ಒಣಗಿಸಿಬಿಡುತ್ತದೆ.

ಮರವಿದ್ದಲ್ಲಿಯೇ ಕಸಿ ಮಾಡಲು, ಮಾರ್ಚ್–ಏಪ್ರಿಲ್‌ನಲ್ಲಿ ಕಾಂಡವನ್ನು ಮೊಣಕಾಲೆತ್ತರಕ್ಕಿಂತ ತುಸು ಮೇಲೆ ಗರಗಸದಿಂದ ಕೊಯ್ಯಬೇಕು. ಬರುವ ಚಿಗುರುಗಳಲ್ಲಿ ದಷ್ಟಪುಷ್ಟವಾದ ಎರಡು ಮೂರನ್ನು ಮಾತ್ರ ಉಳಿಸಬೇಕು. ಅವು ಪೆನ್ಸಿಲ್ ಗಾತ್ರಕ್ಕೆ ಬಂದಾಗ, ಅಂದರೆ ಜೂನ್–ಜುಲೈನಲ್ಲಿ, ತೊಗಟೆ ಸಲೀಸಾಗಿ ಬಿಡುತ್ತದೆ. ಆಗ ಒಳ್ಳೆಯ ತಳಿಯ ಕಣ್ಣನ್ನು ಕೂಡಿಸಿ, ಕಣ್ಣು ಮಾತ್ರ ಹೊರಗುಳಿಯುವಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಬೇಗ ಹಣ್ಣು ಬೇಕಾದರೆ ದುಂಡು ಕಾಯಿಯ ಗೋಲಾ ಇದೆ. ಉಮ್ರಾನ್ ತಡವಾಗಿ ಬರುತ್ತದೆ. ಆದರೆ ಹಣ್ಣು ದೊಡ್ಡದು, ಕಿತ್ತ ಮೇಲೆ ಹೆಚ್ಚು ದಿನ ಉಳಿಯುತ್ತದೆ. ಸಂತೆಗೆ ಒಯ್ಯುವವರಿಗೆ ಉಮ್ರಾನೇ ಮೇಲು.

ಸವರುವಿಕೆಯನ್ನು ನಮ್ಮ ರೈತರು ಮರೆಯುವುದೇ ಹೆಚ್ಚು. ಬೋರೆ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಆದುದರಿಂದ ಬೇಸಿಗೆಯಲ್ಲಿ ಎಲೆ ಉದುರಿದಾಗ, ಹಿಂದಿನ ವರ್ಷದ ರೆಂಬೆಗಳನ್ನು 15 ರಿಂದ 20 ಗೆಣ್ಣು ಉಳಿಸಿ ಕತ್ತರಿಸಬೇಕು.

ಎಲೆ, ಹೀಚುಗಳ ಮೇಲೆ ಬಿಳಿ ಬೂದಿ ಕಂಡೊಡನೆ ಲೀಟರ್ ನೀರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕವನ್ನು ಬೆರೆಸಿ ಸಿಂಪಡಿಸಿರಿ. ಹುಳುವಿನ ಮಾತು ಬೇರೆ. ಹಣ್ಣು ನೊಣ ಕಾಯೊಳಗೆ ಮೊಟ್ಟೆ ಇಡುತ್ತದೆ. ಬೆಳೆದ ಹುಳು ಕಾಯಿಂದ ಹೊರಬಂದು ಮಣ್ಣಿನೊಳಗೆ ಕೋಶವಾಗುತ್ತದೆ. ಮನೆಯ ಮಕ್ಕಳು ತಿನ್ನುವ ಹಣ್ಣಿಗೆ ಔಷಧಿ ಹೊಡೆಯುವ ಮೊದಲು, ಉದುರಿದ ಕಾಯಿಗಳನ್ನು ದಿನವೂ ಆರಿಸಿ ಆಳವಾದ ಗುಂಡಿಯಲ್ಲಿ ಹೂಳಿರಿ. ಬೇಸಿಗೆಯಲ್ಲಿ ಮರದಡಿಯ ಮಣ್ಣನ್ನು ಅಗೆದು ಮಗುಚಿದರೆ ಕೋಶಗಳು ಬಿಸಿಲಿಗೆ ಸಾಯುತ್ತವೆ. ಪಕ್ಕದ ಹಿತ್ತಲಲ್ಲಿಯೂ ಬೋರೆ ಇದ್ದರೆ, ಅವರೂ ಅದೇ ವಾರ ಅಗೆಯುವಂತೆ ನೋಡಿಕೊಳ್ಳಿರಿ.