ಟ್ರ್ಯಾಕ್ಟರ್ ಚಾಲೂ ಆಗದಿದ್ದಾಗ: ಸುರಕ್ಷತಾ ಸ್ವಿಚ್ಚಿನ ಪರಿಶೀಲನೆ

ಬೇಸಿಗೆಯಲ್ಲಿ ಕುಡಿಯುವ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಒಂದು ದಿನ ನಿಂತರೂ ಗ್ರಾಮಸ್ಥರು ಮೊದಲು ಪ್ರಶ್ನಿಸುವುದು ವಾರ್ಡಿನ ಸದಸ್ಯರನ್ನು. ಕೀಲಿ ತಿರುಗಿಸಿದರೂ ಎಂಜಿನ್ ಮಿಸುಕದಿದ್ದಾಗ ಮೊದಲು ಬ್ಯಾಟರಿಯನ್ನು, ಅನಂತರ ಸ್ಟಾರ್ಟರ್ ಮೋಟಾರನ್ನು ಬದಲಾಯಿಸುವುದು ರೂಢಿ. ಎರಡರ ಬಿಲ್ಲೂ ಸಭೆಯ ಮುಂದೆ ಬರುತ್ತದೆ. ದೋಷವಿರುವುದು ಮಾತ್ರ ಕೆಲವೊಮ್ಮೆ ಸಣ್ಣದೊಂದು ಸ್ವಿಚ್ಚಿನಲ್ಲಿ.

ಹಲವು ಮಾದರಿಯ ಟ್ರ್ಯಾಕ್ಟರುಗಳಲ್ಲಿ ಕೀಲಿಗೂ ಸ್ಟಾರ್ಟರಿಗೂ ನಡುವೆ ಸುರಕ್ಷತಾ ಸ್ವಿಚ್ ಇರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಅಥವಾ ಕ್ಲಚ್ ಪೂರ್ತಿ ಒತ್ತಿದ್ದರೆ ಮಾತ್ರ ಅದು ವಿದ್ಯುತ್ತನ್ನು ಮುಂದಕ್ಕೆ ಬಿಡುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರು ಪಾರ್ಕ್ ಅಥವಾ ನ್ಯೂಟ್ರಲ್ ಸ್ಥಾನದಲ್ಲಷ್ಟೇ ಚಾಲೂ ಆಗುವುದೂ ಇಂಥದೇ ಸ್ವಿಚ್ಚಿನಿಂದ. ಕೆಸರು, ತೊಳೆದ ನೀರು, ತುಕ್ಕು, ಸವೆದ ಲಿವರ್ ಇವು ಅದನ್ನು ಕೆಡಿಸುತ್ತವೆ.

ದೋಷದ ಸುಳಿವು ದೀಪ ಮತ್ತು ಶಬ್ದದಲ್ಲಿದೆ. ಕೀಲಿ ತಿರುಗಿಸಿದಾಗ ದೀಪ ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ನೋಡಬೇಕು. ದೀಪ ಮಂಕಾಗದೆ 'ಟಕ್' ಎಂಬ ಗಟ್ಟಿ ಶಬ್ದ ಬಂದು ಎಂಜಿನ್ ತಿರುಗದಿದ್ದರೆ ಸ್ಟಾರ್ಟರಿನ ಮೇಲೆ ಅನುಮಾನ. ದೀಪ ಪ್ರಖರವಾಗಿದ್ದು ಯಾವ ಶಬ್ದವೂ ಇಲ್ಲದಿದ್ದರೆ ಫ್ಯೂಸ್, ರಿಲೇ, ಕೀಲಿ ಅಥವಾ ಸುರಕ್ಷತಾ ಸ್ವಿಚ್ಚನ್ನು ಪರೀಕ್ಷಿಸಬೇಕು. ಗೇರ್ ಲಿವರನ್ನು ನ್ಯೂಟ್ರಲ್‌ನಲ್ಲೇ ತುಸು ಅಲುಗಿಸಿದಾಗ ಚಾಲೂ ಆಯಿತೆಂದರೆ ಸ್ವಿಚ್ ಸಡಿಲಗೊಂಡಿದೆ ಅಥವಾ ಸವೆದಿದೆ ಎಂಬ ಅನುಮಾನ ಬಲವಾಗುತ್ತದೆ.

ಖಚಿತಪಡಿಸಿಕೊಳ್ಳುವುದು ಆಟೊ ಎಲೆಕ್ಟ್ರಿಷಿಯನ್‌ಗೆ ಕೆಲವೇ ನಿಮಿಷಗಳ ಕೆಲಸ. ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ, ಚಾಲಕ ಕೀಲಿ ತಿರುಗಿಸಿ ಹಿಡಿಯಬೇಕು. ಆಗ ಸ್ವಿಚ್ಚಿನ ಒಳಬರುವ ತಂತಿಯಲ್ಲಿ ಟೆಸ್ಟ್ ಲ್ಯಾಂಪ್ ಉರಿದು, ಹೊರಹೋಗುವ ತಂತಿಯಲ್ಲಿ ಉರಿಯದಿದ್ದರೆ ದೋಷ ಸ್ವಿಚ್ಚಿನದು ಅಥವಾ ಅದರ ಹೊಂದಾಣಿಕೆಯದು.

ಇಲ್ಲಿ ಎಚ್ಚರ ಅಗತ್ಯ. ಸ್ವಿಚ್ಚನ್ನು ಬಿಟ್ಟು ತಂತಿಗಳನ್ನು ನೇರವಾಗಿ ಜೋಡಿಸಿದರೆ ಟ್ರ್ಯಾಕ್ಟರ್ ಚಾಲೂ ಆಗುವುದೇನೋ ನಿಜ, ಆದರೆ ಗೇರಿನಲ್ಲಿದ್ದಾಗಲೂ ಚಾಲೂ ಆಗುತ್ತದೆ. ಕೆಳಗೆ ನಿಂತು ಸ್ಟಾರ್ಟರಿನ ಟರ್ಮಿನಲ್‌ಗಳಿಗೆ ಸ್ಕ್ರೂಡ್ರೈವರ್ ತಾಗಿಸುವುದು ಇನ್ನೂ ಅಪಾಯಕರ: ಗೇರಿನಲ್ಲಿರುವ ಟ್ರ್ಯಾಕ್ಟರ್ ತಕ್ಷಣ ಮುನ್ನುಗ್ಗುತ್ತದೆ, ನಿಂತವನು ಹಿಂದಿನ ಚಕ್ರಕ್ಕೆ ಸಿಲುಕುತ್ತಾನೆ. ಹೀಗೆ ತಪ್ಪಿಸಿದ ಸ್ವಿಚ್ಚಿನ ಬಗ್ಗೆ ದೂರೂ ಬರುವುದಿಲ್ಲ, ಏಕೆಂದರೆ ಗಾಡಿ ಸಲೀಸಾಗಿ ಓಡುತ್ತಿರುತ್ತದೆ. ಕ್ಲಚ್ ಸ್ವಿಚ್ ಇರುವ ಟ್ರ್ಯಾಕ್ಟರನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಒತ್ತದೆ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ತಿರುಗಿದರೆ ಸ್ವಿಚ್ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ.

ಸ್ಟಾರ್ಟರ್ ಬದಲಾವಣೆಯ ಬಿಲ್ ಸಭೆಗೆ ಬಂದಾಗ ಸದಸ್ಯರು ಸ್ವಿಚ್ಚಿನ ಪರೀಕ್ಷೆ ನಡೆಯಿತೇ ಎಂದು ಕೇಳಬಹುದು, ತೆಗೆದ ಹಳೆಯ ಭಾಗವನ್ನು ನೋಡಬಹುದು. ಸ್ವಿಚ್ಚನ್ನು ತಪ್ಪಿಸಿ ತಂತಿ ಜೋಡಿಸಿರುವುದು ಕಂಡುಬಂದಲ್ಲಿ, ಹೊಸ ಸ್ವಿಚ್ ಅಳವಡಿಸುವವರೆಗೆ ಆ ಟ್ರ್ಯಾಕ್ಟರನ್ನು ಬಳಸದಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ತಿಳಿಸಿ, ಆ ಸಂಗತಿಯನ್ನು ವಾಹನದ ಲಾಗ್ ಪುಸ್ತಕದಲ್ಲಿ ಬರೆಯಿಸುವುದು ಸೂಕ್ತ.