ಉಪ್ಪಾಗೆ ಕಾಲಕ್ಕೆ ಊರಿಗೆ ಬರುವ ವಿದ್ಯಾರ್ಥಿಗಳು

ಶಿರಸಿಯ ಬನವಾಸಿ ರಸ್ತೆಯಲ್ಲಿರುವ ಅರಣ್ಯ ಮಹಾವಿದ್ಯಾಲಯ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬಿ.ಎಸ್ಸಿ. ಫಾರೆಸ್ಟ್ರಿ ನಾಲ್ಕು ವರ್ಷದ ಓದು. ಕೊನೆಯ ವರ್ಷದಲ್ಲಿ ‘ಅರಣ್ಯ ಕಾರ್ಯಾನುಭವ’ಕ್ಕೆಂದು ವಿದ್ಯಾರ್ಥಿಗಳು ತರಗತಿಯಿಂದ ಹೊರಬೀಳುತ್ತಾರೆ. ಅರಣ್ಯ ಇಲಾಖೆಯ ವಲಯದಲ್ಲಿ ಕೆಲಸ, ಉದ್ದಿಮೆಯ ಪರಿಚಯ ಇವೆಲ್ಲ ಹೇಗೋ ಸಾಗುತ್ತವೆ. ನಿಜವಾದ ಪರೀಕ್ಷೆ ಇರುವುದು ಹಳ್ಳಿ ವಾಸದಲ್ಲಿ. ಅಲ್ಲಿ ತಂಡ ಕಟ್ಟಿಕೊಂಡು ಊರವರ ಜೊತೆ ಸೇರಿ ಕೆಲಸ ಮಾಡಬೇಕು.

ಉತ್ತರ ಕನ್ನಡದ ಘಟ್ಟದ ಮೇಲಿನ ಊರೊಂದರಲ್ಲಿ ತಂಡವು ಉಪ್ಪಾಗೆ ಎಂಬ ಕಾಡು ಹಣ್ಣಿನ ಕೆಲಸವನ್ನು ಕೈಗೆತ್ತಿಕೊಂಡಿತು ಎನ್ನೋಣ. ಹಣ್ಣು ಕೊಯ್ಯುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ಅದಕ್ಕೆ ಬೇಕಾದ ರಾಶಿ ಸೌದೆ ಬರುವುದೂ ಅದೇ ಕಾಡಿನಿಂದ. ಹಳದಿಗೆ ತಿರುಗಿ ತಾನಾಗಿ ಉದುರುವವರೆಗೆ ಕಾಯುವ ತಾಳ್ಮೆ ಯಾರಿಗೂ ಇಲ್ಲ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯಕ್ಕೆ ಎಳೆ ಕಾಯಿಯೂ ಹೋಗುತ್ತದೆ, ಕೆಲವೊಮ್ಮೆ ಟೊಂಗೆಯೂ. ಸೌದೆ ಉಳಿಸುವ ಒಲೆ ಕಟ್ಟಿಕೊಡುವುದು ಸುಲಭ. ಕೊಯ್ಲು ಯಾವ ದಿನ ಶುರು ಎಂದು ಊರೆಲ್ಲ ಒಪ್ಪುವುದು ಕಷ್ಟ. ನನ್ನ ಕೇಳಿದರೆ ಯೋಜನೆ ಹಿಡಿಯಬೇಕಾದದ್ದು ಆ ಕಷ್ಟದ ತುದಿಯನ್ನು.

ಹಾಗಾಗಿ ಮೊದಲ ವಾರ ಮಾತಿಗೇ ಮೀಸಲು. ಜಗಲಿಯ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಹಳ್ಳ, ತೋಟ, ಬೆಟ್ಟ, ಉಪ್ಪಾಗೆ ಮರ ಇರುವ ಜಾಗಕ್ಕೆ ಒಂದೊಂದು ಹುಣಸೆ ಬೀಜ. ಗಂಡಸರೂ ಹೆಂಗಸರೂ ಬೇರೆ ಬೇರೆ ಕೂತರೆ ಒಳ್ಳೆಯದು. ಸಭೆ ಹಗಲಿಟ್ಟರೆ ಬರುವವರು ಅಡಿಕೆ ತೋಟದವರು. ತೋಟ ಇದ್ದವರಿಗೆ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಹಕ್ಕಿದೆ. ತುಂಡು ನೆಲವೂ ಇಲ್ಲದೆ ಹಣ್ಣು ಆರಿಸಿಯೇ ಮಳೆಗಾಲ ನೂಕುವವರು ಆ ಹೊತ್ತಿಗೆ ಕಾಡಿನಲ್ಲಿರುತ್ತಾರೆ. ರಾತ್ರಿ ಊಟದ ನಂತರ ಸೇರುವುದೇ ಸರಿ. ರಾಜ್ಯದಲ್ಲಿ ಜಂಟಿ ಅರಣ್ಯ ನಿರ್ವಹಣೆಯ ಆದೇಶ ಬಂದದ್ದು 1993ರಲ್ಲಿ. ಅದರಡಿ ರಚನೆಯಾದ ಗ್ರಾಮ ಅರಣ್ಯ ಸಮಿತಿ ಇರುವ ಊರಾದರೆ ಅದರ ಅಧ್ಯಕ್ಷರನ್ನೂ ಫಾರೆಸ್ಟರನ್ನೂ ಒಟ್ಟಿಗೆ ಕೂರಿಸಬಹುದು.

ಕೆಲಸ ಹಂಚುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ಚೆನ್ನಾಗಿ ಬರೆಯುವ ಒಬ್ಬರ ಮೇಲೆ ವರದಿ ಹೇರಿ ಉಳಿದವರು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಬದಲು ಎಲ್ಲರೂ ಸರದಿಯಲ್ಲಿ ಮನೆಮನೆ ಸುತ್ತಲಿ, ಕಸಿ ಕಟ್ಟುವುದನ್ನೂ ಎಲ್ಲರೂ ಕಲಿಯಲಿ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ. ಬೀಜದ ಸಸಿ ಹೂ ಬಿಡುವವರೆಗೆ ಯಾವುದೆಂದು ತಿಳಿಯುವುದಿಲ್ಲ. ಅಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಹಣ್ಣು ಬಿಡುವ ಮರದಿಂದ ಕುಡಿ ತಂದು ಕಸಿ ಮಾಡಿದರೆ ಈ ತಾಪತ್ರಯವಿಲ್ಲ. ಆದರೆ ಕುಡಿ ನೆಟ್ಟಗೆ ಮೇಲೇರಿದ ಚಿಗುರಿನದ್ದೇ ಆಗಬೇಕು. ಅಡ್ಡ ಕೊಂಬೆಯದ್ದಾದರೆ ಗಿಡ ಎತ್ತರಕ್ಕೆ ಏಳದೆ ಪೊದೆಯಂತೆ ಹರಡಿಕೊಳ್ಳುತ್ತದೆ. ಇದನ್ನು ಚಾಕು ಹಿಡಿದು ತೋರಿಸಿದರೆ ಊರವರಿಗೆ ತಕ್ಷಣ ಮನದಟ್ಟಾಗುತ್ತದೆ.

ರಂಗೋಲಿ ನಕ್ಷೆಯನ್ನು ಕಾಗದಕ್ಕಿಳಿಸಿದ ಬಣ್ಣದ ನಕ್ಷೆ ಕಾಲೇಜಿನ ಕಪಾಟು ಸೇರುವ ಮೊದಲು ಅದರ ಒಂದು ಪ್ರತಿ ಊರಿನ ಶಾಲೆಯ ಗೋಡೆಗೂ ಹೋಗಲಿ. ಕಸಿ ಗಿಡಗಳಿಗೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು, ದನ ಬರದಂತೆ ಬೇಲಿ ಕಟ್ಟುವವರು ಯಾರು ಎಂಬುದನ್ನು ತಂಡ ಹೊರಡುವ ಮುನ್ನವೇ ಸಮಿತಿಯ ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಸಿಡಬೇಕು.